ಎಂ.ಜಿ. ರಸ್ತೆಯ ಚುಕ್ಕಿಗಳು ಮತ್ತು ಜೆಕ್ಯೂ

ಮಂಗಳೂರಿನ ಅಂಗಡಿಗಳ ಡೆಲಿವರಿ ಲೆಕ್ಕವನ್ನು ರಸ್ತೆವಾರು ವಿಂಗಡಿಸಿ ಜೇಸನ್ (JSON, ಹೆಸರು ಮತ್ತು ಮೌಲ್ಯಗಳ ಜೋಡಿಯಾಗಿ ದತ್ತಾಂಶವನ್ನು ಬರೆದಿಡುವ ಪಠ್ಯ ರೂಪ) ಕಡತದಲ್ಲಿ ಇಡುವವರಿಗೆ ಕೆ.ಎಸ್. ರಾವ್ ರಸ್ತೆ, ಎಂ.ಜಿ. ರಸ್ತೆ, ಜಿ.ಎಚ್.ಎಸ್. ರಸ್ತೆ ಎಂಬ ಹೆಸರುಗಳು ಒಂದಲ್ಲ ಒಂದು ದಿನ ಕಾಟ ಕೊಟ್ಟೇ ಕೊಡುತ್ತವೆ. ಒಂದರೊಳಗೊಂದು ಇರುವ ಫೀಲ್ಡುಗಳನ್ನು ತಲುಪಲು ಬಹಳಷ್ಟು ತಂತ್ರಾಂಶಗಳು ಚುಕ್ಕಿಯನ್ನೇ ಗಡಿಯಾಗಿ ಬಳಸುತ್ತವೆ. ಹಾಗಾಗಿ ‘ಮಂಗಳೂರು.ಎಂ.ಜಿ. ರಸ್ತೆ.ಮೊತ್ತ’ ಎಂದು ಬರೆದರೆ ನಮಗೆ ಕಾಣುವುದು ಮೂರು ಹಂತ, ಚುಕ್ಕಿ ಕಂಡಲ್ಲೆಲ್ಲ ಕತ್ತರಿಸುವ ತಂತ್ರಾಂಶಕ್ಕೆ ಕಾಣುವುದು ಐದು. ನಮ್ಮ ಕಚೇರಿಯಲ್ಲಿ ಈ ಕೆಲಸಕ್ಕೆ ದಿನನಿತ್ಯ ಬಳಸುವ ಜೆಕ್ಯೂ (jq) ಎಂಬ ಸಾಧನವನ್ನು ಇದೊಂದೇ ದೃಷ್ಟಿಯಿಂದ ಇಲ್ಲಿ ಪರಿಶೀಲಿಸಿದ್ದೇನೆ.

ಸ್ಟೀಫನ್ ಡೋಲನ್ 2012ರಲ್ಲಿ ಆರಂಭಿಸಿದ ಜೆಕ್ಯೂ, ಕಮಾಂಡ್ ಲೈನಿನಲ್ಲಿ, ಎಂದರೆ ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ, ಜೇಸನ್ ದತ್ತಾಂಶವನ್ನು ಸೋಸುವ ಉಚಿತ ತಂತ್ರಾಂಶ. 2018ರ 1.6 ಆವೃತ್ತಿಯ ನಂತರ ದೀರ್ಘ ಮೌನ ವಹಿಸಿ, 2023ರ ಸೆಪ್ಟೆಂಬರಿನಲ್ಲಿ 1.7 ಆಗಿ ಹೊರಬಂತು. ನಾವು ಬಳಸುತ್ತಿರುವುದು ಅದನ್ನೇ.

ಚುಕ್ಕಿಯ ನಂತರ ಕೀಯ, ಎಂದರೆ ಫೀಲ್ಡಿನ, ಹೆಸರನ್ನು ಬರಿದಾಗಿ ಬರೆಯಲು ಜೆಕ್ಯೂ ಅನುಮತಿಸುವುದು ಆ ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕೆ ಮತ್ತು ಅಂಡರ್‌ಸ್ಕೋರ್ ಮಾತ್ರ ಇದ್ದು, ಮೊದಲನೆಯದು ಅಂಕೆಯಲ್ಲದಿದ್ದಾಗ ಮಾತ್ರ. ಉಳಿದದ್ದೆಲ್ಲ ಜೋಡಿ ಕೋಟ್ ಒಳಗೆ ಇರಬೇಕು. ಎಂದರೆ ಕನ್ನಡದ ಕೀಗಳಿಗೆ ಕೋಟ್ ಕಡ್ಡಾಯ. ಮರೆತರೆ ಸೂತ್ರ (ಜೆಕ್ಯೂಗೆ ಬರೆದುಕೊಡುವ ಆದೇಶ) ಓಡುವುದೇ ಇಲ್ಲ, ವಾಕ್ಯರಚನೆಯ ದೋಷವೆಂದು ಅಲ್ಲೇ ನಿಲ್ಲುತ್ತದೆ. ಕನ್ನಡದ ಮೇಲೆ ಇದೇನು ಮಲತಾಯಿ ಧೋರಣೆ ಎಂದು ಮೊದಮೊದಲು ಕಿರಿಕಿರಿಯಾಗುತ್ತಿತ್ತು. ಆದರೆ ಅದೇ ನಿಯಮ ನಮ್ಮನ್ನು ಕಾಯುತ್ತದೆ:

."ಮಂಗಳೂರು"."ಎಂ.ಜಿ. ರಸ್ತೆ"."ಮೊತ್ತ"

ಇಲ್ಲಿ ಯಾವ ಚುಕ್ಕಿ ಗಡಿ, ಯಾವುದು ಹೆಸರಿನ ಭಾಗ ಎಂಬುದರಲ್ಲಿ ಗೊಂದಲವೇ ಇಲ್ಲ. ಕೋಟ್ ಒಳಗಿನ ಎಸ್ಕೇಪ್ ನಿಯಮಗಳೂ (ವಿಶೇಷ ಅರ್ಥದ ಅಕ್ಷರವನ್ನು ಬರಿಯ ಅಕ್ಷರವೆಂದು ಗುರುತಿಸುವ ನಿಯಮಗಳು) ಹೆಚ್ಚುಕಡಿಮೆ ಜೇಸನ್‌ನವೇ. ಹೆಸರಿನಲ್ಲಿ ಕೋಟ್ ಅಥವಾ ಬ್ಯಾಕ್‌ಸ್ಲ್ಯಾಶ್ ಇದ್ದರೆ ಮಾತ್ರ ಅದರ ಹಿಂದೆ ಬ್ಯಾಕ್‌ಸ್ಲ್ಯಾಶ್ ಹಾಕಬೇಕು. ಅಂಕೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಸಿಟಿ ಬಸ್ಸಿನ ನಂಬರ್ ಕೀಯಾಗಿರುವ ಕಡತದಲ್ಲಿ .27 ಎಂದು ಕೇಳಿದರೆ ಬಸ್ಸೂ ಸಿಗದು, ದೋಷವೂ ಬಾರದು, 0.27 ಎಂಬ ದಶಮಾಂಶ ಸಂಖ್ಯೆ ಉತ್ತರವಾಗಿ ಬರುತ್ತದೆ.

ಎಸ್ಕೇಪ್ ಅಕ್ಷರವನ್ನೇ ನಂಬಿದ ಸಾಧನಗಳ ಜೊತೆ ಹೋಲಿಸಿದಾಗ ಈ ಆಯ್ಕೆಯ ಬೆಲೆ ತಿಳಿಯುತ್ತದೆ. ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜಿಜೇಸನ್ ಎಂಬ ಗ್ರಂಥಾಲಯದಲ್ಲಿ (ಸಿದ್ಧ ಕೋಡ್‌ನ ಸಂಗ್ರಹ) ಕನ್ನಡದ ಕೀಯನ್ನು ಹಾಗೆಯೇ ಬರೆಯಬಹುದು, ಆದರೆ ಹೆಸರಿನೊಳಗಿನ ಪ್ರತಿ ಚುಕ್ಕಿಗೂ ಬ್ಯಾಕ್‌ಸ್ಲ್ಯಾಶ್ ಹಾಕಬೇಕು. ಗೋ ಭಾಷೆಯ ಸಾಮಾನ್ಯ ಕೋಟ್ ಒಳಗೆ ಬರೆದರೆ ಅದನ್ನು ಮತ್ತೆ ಇಮ್ಮಡಿಸಬೇಕು. ಜೇಸನ್ ಪಾಯಿಂಟರ್ ಎಂಬ 2013ರ ಅಂತರಜಾಲ ಮಾನಕ, ಆರ್‌ಎಫ್‌ಸಿ 6901, ಓರೆಗೆರೆಯನ್ನು ಗಡಿಯಾಗಿ ಆರಿಸಿಕೊಂಡಿದೆ. ಹಾಗಾಗಿ ಎಂ.ಜಿ. ರಸ್ತೆಗೆ ಅಲ್ಲಿ ತೊಂದರೆಯಿಲ್ಲ, ‘ಬಂದರು/ಧಕ್ಕೆ’ ಎಂಬ ಕೀಯನ್ನು ಮಾತ್ರ ‘ಬಂದರು~1ಧಕ್ಕೆ’ ಎಂದು ಬರೆಯಬೇಕು. ಟಿಲ್ಡೆಯೇ ಹೆಸರಿನಲ್ಲಿದ್ದರೆ ಅದು ~0 ಆಗುತ್ತದೆ. ಓದುವಾಗ ಮೊದಲು ~1, ಆಮೇಲೆ ~0 ಬಿಡಿಸಬೇಕೆಂದು ಮಾನಕ ಸ್ಪಷ್ಟವಾಗಿ ಹೇಳುತ್ತದೆ. ಕ್ರಮ ತಪ್ಪಿದರೆ ~01 ಎಂಬುದು ಮೊದಲು ~1 ಆಗಿ, ಮರುಕ್ಷಣ ಓರೆಗೆರೆಯಾಗಿ, ಬೇರೆಯೇ ಹೆಸರೊಂದು ಹುಟ್ಟಿಕೊಳ್ಳುತ್ತದೆ. ಯಾವುದೇ ಹೊಸ ಗ್ರಂಥಾಲಯ ಕೈಗೆ ಬಂದಾಗ ನಾನು ಮೊದಲು ಪರೀಕ್ಷಿಸುವುದು ಈ ~01 ಅನ್ನೇ.

ಜೆಕ್ಯೂವಿನ ನಿಜವಾದ ಶಕ್ತಿ ಇರುವುದು ಅದರ ಗೆಟ್‌ಪಾತ್ ಎಂಬ ಫಂಕ್ಷನ್ನಿನಲ್ಲಿ. ಅದು ಪಾತನ್ನು, ಎಂದರೆ ಫೀಲ್ಡಿಗೆ ಹೋಗುವ ದಾರಿಯನ್ನು, ಒಂದೇ ಪಠ್ಯವಾಗಿ ಕೇಳದೆ, ["ಮಂಗಳೂರು", "ಎಂ.ಜಿ. ರಸ್ತೆ", "ಮೊತ್ತ"] ಎಂಬ ಪಟ್ಟಿಯಾಗಿ ಕೇಳುತ್ತದೆ. ಗಡಿಯ ಗುರುತೇ ಇಲ್ಲದ ಮೇಲೆ ಅದನ್ನು ಎಸ್ಕೇಪ್ ಮಾಡುವ ಪ್ರಶ್ನೆ ಏಳುವುದಿಲ್ಲ. ರಸ್ತೆಯ ಹೆಸರು ಹೊರಗಿನಿಂದ ಬರುವುದಾದರೆ ಅದನ್ನು ಸೂತ್ರದ ಪಠ್ಯಕ್ಕೆ ಅಂಟಿಸದೆ, ಆರ್ಗ್ ಎಂಬ ಆಯ್ಕೆಯ ಮೂಲಕ ಚರಾಂಶವಾಗಿ ಒಳಗೆ ಕಳುಹಿಸಬಹುದು. ಹೆಸರಿನಲ್ಲಿ ಕೋಟ್ ಇದ್ದರೂ ಸೂತ್ರ ಒಡೆಯುವುದಿಲ್ಲ. ಕಡತದಲ್ಲಿರುವ ಎಲ್ಲ ಪಾತ್‌ಗಳನ್ನು ಹೊರತೆಗೆಯುವ ಪಾತ್ಸ್ ಕೂಡ ಪಟ್ಟಿಗಳನ್ನೇ ಕೊಡುತ್ತದೆ. ಓದಲು ಸುಲಭವೆಂದು ಅವುಗಳನ್ನು ಚುಕ್ಕಿ ಹಾಕಿ ಜೋಡಿಸಿ ಉಳಿಸುವವರನ್ನು ಬಹಳ ನೋಡಿದ್ದೇನೆ. ಕಾಫಿಗೆ ಬೆರೆಸಿದ ಹಾಲಿನಂತೆ ಆ ಚುಕ್ಕಿಗಳನ್ನು ಮತ್ತೆ ಬೇರ್ಪಡಿಸಲಾಗದು. ಪಟ್ಟಿಯಲ್ಲಿ ಸಂಖ್ಯೆಯಾಗಿದ್ದ 0 ಕೂಡ ಜೋಡಿಸಿ ಬಿಡಿಸುವಷ್ಟರಲ್ಲಿ "0" ಎಂಬ ಪಠ್ಯವಾಗಿ, ಅರೇಯನ್ನು (ಕ್ರಮಸಂಖ್ಯೆಯಿಂದ ತಲುಪುವ ಪಟ್ಟಿ) ಪಠ್ಯದಿಂದ ಸೂಚಿಸಲಾಗದೆಂಬ ದೋಷ ಬರುತ್ತದೆ. ಉಳಿಸುವುದಿದ್ದರೆ ಜೇಸನ್ ಪಟ್ಟಿಯಾಗಿಯೇ ಉಳಿಸಬೇಕು.

ನನ್ನ ದೊಡ್ಡ ದೂರು ಬೇರೆಯೇ ಇದೆ. ಇಲ್ಲದ ಕೀಯನ್ನು ಕೇಳಿದರೆ ಜೆಕ್ಯೂ ದೋಷವೆನ್ನುವುದಿಲ್ಲ, ನಲ್ (ಮೌಲ್ಯವೇ ಇಲ್ಲ ಎಂಬ ಗುರುತು) ಎಂದು ಕೊಟ್ಟು ಸುಮ್ಮನಾಗುತ್ತದೆ. ನಲ್‌ನ ಒಳಗಿನ ಕೀ ಕೇಳಿದರೂ ಮತ್ತೆ ನಲ್. ‘ಎಂ.ಜಿ. ರಸ್ತೆ’ ಎಂದು ಒಬ್ಬರು, ‘ಎಂ.ಜಿ.ರಸ್ತೆ’ ಎಂದು ಜಾಗ ಬಿಡದೆ ಇನ್ನೊಬ್ಬರು ದಾಖಲಿಸುವ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ನಲ್‌ಗೆ ಸಂಖ್ಯೆ ಕೂಡಿಸಿದರೆ ಆ ಸಂಖ್ಯೆಯೇ ಉತ್ತರವಾಗುವುದರಿಂದ, ಒಂದು ರಸ್ತೆಯ ಇಡೀ ವ್ಯಾಪಾರ ಒಟ್ಟು ಮೊತ್ತದಿಂದ ಬಿಟ್ಟುಹೋದರೂ ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಇ (-e) ಆಯ್ಕೆಯನ್ನು ಬಳಸಿದರೆ ಕೊನೆಯ ಉತ್ತರ ನಲ್ ಆದಾಗ, ಏನೋ ತಪ್ಪಿದೆ ಎಂದು ಸೂಚಿಸುವ ನಿರ್ಗಮನ ಸಂಕೇತ 1 ಬರುತ್ತದೆ, ಆದರೆ ಕೂಡಿಕೆಯ ನಡುವೆ ಕರಗಿದ ನಲ್ ಅದಕ್ಕೂ ಕಾಣದು. ಆದ್ದರಿಂದ ಪ್ರತಿ ರಸ್ತೆಗೂ ಮೊದಲು ಹ್ಯಾಸ್ ಎಂಬ ಫಂಕ್ಷನ್ನಿನಿಂದ ಕೀ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ನಾವೇ ದೋಷ ಎಬ್ಬಿಸುವ ಪದ್ಧತಿಯನ್ನು ಕಚೇರಿಯಲ್ಲಿ ಇಟ್ಟುಕೊಂಡಿದ್ದೇವೆ. ಇದು ಸಾಧನವೇ ಮಾಡಬೇಕಿದ್ದ ಕೆಲಸ. ಕನಿಷ್ಠ ಒಂದು ಆಯ್ಕೆಯಾಗಿಯಾದರೂ ಇರಬೇಕಿತ್ತು.

ಅಂಗಡಿಗಳಲ್ಲಿ ಇರುವುದು ಹೆಚ್ಚಾಗಿ ವಿಂಡೋಸ್ ಯಂತ್ರಗಳು. ಅಲ್ಲಿನ ಹಳೆಯ ಕಮಾಂಡ್ ಕಿಟಕಿ ಒಂಟಿ ಕೋಟನ್ನು ಕೋಟೆಂದು ಪರಿಗಣಿಸುವುದಿಲ್ಲ, ಆದ್ದರಿಂದ ಇಡೀ ಸೂತ್ರಕ್ಕೆ ಜೋಡಿ ಕೋಟ್ ಹಾಕಿ ಒಳಗಿನ ಒಂದೊಂದು ಕೋಟಿಗೂ ಬ್ಯಾಕ್‌ಸ್ಲ್ಯಾಶ್ ಇಡಬೇಕಾಗುತ್ತದೆ. ಜೆಕ್ಯೂ ತಪ್ಪಿಸಿದ ತಲೆನೋವು ಹಿಂಬಾಗಿಲಿನಿಂದ ಮರಳಿ ಬರುತ್ತದೆ. ಸೂತ್ರವನ್ನು ಬೇರೆ ಕಡತದಲ್ಲಿ ಯುಟಿಎಫ್-8 (ಕನ್ನಡವನ್ನೂ ಉಳಿಸುವ ಅಕ್ಷರ ಸಂಕೇತ ಪದ್ಧತಿ) ಆಗಿ ಬರೆದಿಟ್ಟು, ಎಫ್ ಆಯ್ಕೆಯಿಂದ ಅದನ್ನು ಓದಿಸಿದರೆ ಕಮಾಂಡ್ ಕಿಟಕಿಯ ಕೋಟ್ ನಿಯಮಗಳು ಸೂತ್ರದವರೆಗೆ ತಲುಪುವುದೇ ಇಲ್ಲ.