ಮಾರ್ಕೆಟ್ ಏರಿದಾಗ ನಮ್ಮ ಫಂಡ್ ಎಷ್ಟು ಏರುತ್ತೆ? ವರ್ಷದ ರಿಟರ್ನ್, ಬೀಟಾ, ಅಪ್‌ಸೈಡ್ ಕ್ಯಾಪ್ಚರ್: ಮೂರನ್ನೂ ಹಾಕಿ ನೋಡಿದೆ

ಚಿಕ್ಕಮಗಳೂರು ಕಡೆ ಕಾಫಿ ದುಡ್ಡು ತಿಂಗಳ ಸಂಬಳದ ಹಾಗೆ ಬರುವುದಿಲ್ಲ. ಕೊಯ್ಲು ಮುಗಿದು, ಮಾಲು ಮಾರಿದ ಮೇಲೆ ಒಟ್ಟಿಗೆ ಬರುತ್ತದೆ. 2024ರಲ್ಲಿ ರೋಬಸ್ಟಾ ಬೆಲೆ ದಾಖಲೆ ಮಟ್ಟಕ್ಕೆ ಹೋದ ಮೇಲೆ ನಮ್ಮ ಪರಿಚಯದವರಲ್ಲಿ ಸುಮಾರು ಜನ ಮ್ಯೂಚುವಲ್ ಫಂಡ್ ಕಡೆ ತಿರುಗಿದರು. ಎಲ್ಲರದ್ದೂ ಒಂದೇ ಪ್ರಶ್ನೆ: "ಮಾರ್ಕೆಟ್ ಮೇಲೆ ಹೋದ್ರೆ ಇದು ಎಷ್ಟು ಮೇಲೆ ಹೋಗುತ್ತೆ ಮಾರಾಯಾ?"

ಕೇಳಲೇಬೇಕಾದ ಪ್ರಶ್ನೆ ಅದು. ಉತ್ತರ ಹುಡುಕಲು ನಮ್ಮ ಮನೆಯಲ್ಲಿರುವ ಮೂರು ಫಂಡ್ ತೆಗೆದುಕೊಂಡೆ. ಒಂದು ನಿಫ್ಟಿ ಇಂಡೆಕ್ಸ್ ಫಂಡ್ (50 ದೊಡ್ಡ ಕಂಪನಿಗಳ ಷೇರು ಸೂಚ್ಯಂಕವಾದ ನಿಫ್ಟಿಯನ್ನೇ ನಕಲು ಮಾಡುವುದು), ಒಂದು ಫ್ಲೆಕ್ಸಿಕ್ಯಾಪ್ (ದೊಡ್ಡ, ಮಧ್ಯಮ, ಸಣ್ಣ ಯಾವ ಕಂಪನಿಯ ಷೇರನ್ನಾದರೂ ಕೊಳ್ಳುವುದು), ಒಂದು ಬ್ಯಾಲೆನ್ಸ್‌ಡ್ ಅಡ್ವಾಂಟೇಜ್ (ಷೇರು, ಸಾಲಪತ್ರಗಳ ಪಾಲನ್ನು ಹೆಚ್ಚು ಕಡಿಮೆ ಮಾಡುತ್ತಿರುವುದು). ಹಳೆಯ ಎನ್‌ಎವಿ, ಅಂದರೆ ಫಂಡಿನ ಒಂದು ಯೂನಿಟ್‌ನ ಬೆಲೆ, ಫಂಡ್ ಕಂಪನಿಗಳ ಸಂಘವಾದ ಆಂಫಿಯ ತಾಣದಲ್ಲಿ ಸಿಗುತ್ತದೆ. ತಿಂಗಳ ಕೊನೆಯ ಎನ್‌ಎವಿ ಎತ್ತಿಕೊಂಡು ಎಕ್ಸೆಲ್‌ಗೆ ಹಾಕಿದರೆ ಆಯಿತು.

ಮೂರು ಅಳತೆಗಳಲ್ಲಿ ಮೊದಲನೆಯದು ವರ್ಷದ ರಿಟರ್ನ್, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಏಜೆಂಟರು ಮೊದಲು ತೋರಿಸುವುದು ಇದನ್ನೇ, ಆದರೆ ನಮ್ಮ ಪ್ರಶ್ನೆಗೆ ಇದು ಉತ್ತರ ಅಲ್ಲ. 2020ನೇ ಇಸವಿ ನೋಡಿ. ವರ್ಷದ ಕೊನೆಗೆ ನಿಫ್ಟಿ ಸುಮಾರು 15 ಪರ್ಸೆಂಟ್ ಮೇಲಿತ್ತು. ಒಳಗೆ ನೋಡಿದರೆ ಮಾರ್ಚ್ ಒಂದೇ ತಿಂಗಳಲ್ಲಿ ಸುಮಾರು 23 ಪರ್ಸೆಂಟ್ ಬಿದ್ದಿತ್ತು, ಏಪ್ರಿಲ್‌ನಲ್ಲಿ ಸುಮಾರು 15 ಪರ್ಸೆಂಟ್ ಎದ್ದಿತ್ತು. ಒಂದು ಫಂಡ್ ಬೀಳುವಾಗ ದುಡ್ಡು ಉಳಿಸಿತಾ, ಏರುವಾಗ ಓಡಿತಾ? ವರ್ಷದ ಅಂಕಿ ಎರಡನ್ನೂ ಕಲಸಿಬಿಡುತ್ತದೆ.

ಬೀಟಾಗೆ ಇದಕ್ಕಿಂತ ಹೆಚ್ಚು ಮರ್ಯಾದೆ ಕೊಡಬೇಕು. ಇಂಡೆಕ್ಸ್ 1 ಪರ್ಸೆಂಟ್ ಅಲ್ಲಾಡಿದರೆ ಫಂಡ್ ಸರಾಸರಿ ಎಷ್ಟು ಅಲ್ಲಾಡುತ್ತದೆ ಅನ್ನುವ ಲೆಕ್ಕ ಅದು. ಫಂಡ್ ಕಂಪನಿ ತಿಂಗಳಿಗೊಮ್ಮೆ ಕೊಡುವ ಫ್ಯಾಕ್ಟ್‌ಶೀಟಿನಲ್ಲಿ ರೆಡಿ ಸಿಗುತ್ತದೆ. ನಾವೇ ಮಾಡುವುದಾದರೆ ಎಕ್ಸೆಲ್‌ನ ಸ್ಲೋಪ್ ಸೂತ್ರ ಸಾಕು. ಮೊದಲು ಫಂಡಿನ ತಿಂಗಳ ರಿಟರ್ನ್, ಆಮೇಲೆ ಇಂಡೆಕ್ಸಿನದು ಕೊಡಬೇಕು. ಅದಲು ಬದಲಾದರೆ ಬೇರೆ ಅಂಕಿ ಬರುತ್ತದೆ. ಏರಿದ ತಿಂಗಳು, ಇಳಿದ ತಿಂಗಳು ಎಲ್ಲವನ್ನೂ ಬಳಸುವುದರಿಂದ ಅಂಕಿ ಸ್ವಲ್ಪ ಗಟ್ಟಿಯಾಗಿಯೂ ಇರುತ್ತದೆ. ತೊಂದರೆ ಇರುವುದೂ ಅಲ್ಲೇ. ಏರಿಕೆ ಇಳಿತ ಎರಡನ್ನೂ ಒಂದೇ ಗೆರೆಯಲ್ಲಿ ಅಳೆಯುತ್ತದೆ.

ಒಂದು ಉದಾಹರಣೆ ಹಾಕಿ ನೋಡೋಣ. ನಾಲ್ಕು ತಿಂಗಳಲ್ಲಿ ಇಂಡೆಕ್ಸ್ ಒಂದು ತಿಂಗಳು 5 ಪರ್ಸೆಂಟ್ ಏರಿತು, ಮುಂದಿನ ತಿಂಗಳು 5 ಇಳಿಯಿತು, ಮತ್ತೆ 5 ಏರಿತು, 5 ಇಳಿಯಿತು. ಮೊದಲ ಫಂಡ್ ಏರುವಾಗ 4 ಏರಿ, ಇಳಿಯುವಾಗ 5 ಇಳಿಯಿತು. ಎರಡನೆಯದು ಏರುವಾಗ 5 ಏರಿ, ಇಳಿಯುವಾಗ 4 ಮಾತ್ರ ಇಳಿಯಿತು. ಎರಡರ ಬೀಟಾನೂ ಸರಿಯಾಗಿ 0.9. ಆದರೆ ಮೊದಲನೆಯದರಲ್ಲಿ ಹಾಕಿದ 1 ಲಕ್ಷ 97,614 ರೂಪಾಯಿ ಆಗಿರುತ್ತದೆ, ಎರಡನೆಯದರಲ್ಲಿ 1,01,606. ಬೀಟಾ ಒಂದೇ, ದುಡ್ಡಿನಲ್ಲಿ ಸುಮಾರು 4,000 ವ್ಯತ್ಯಾಸ! ವರ್ಷದಲ್ಲಿ ಒಟ್ಟು ಎಷ್ಟು ಇಂಚು ಮಳೆ ಆಯಿತು ಅಂತ ಮಾತ್ರ ಹೇಳಿದರೆ ತೋಟದವರಿಗೆ ಸಾಲುವುದಿಲ್ಲ, ಕಾಫಿ ಹೂ ಅರಳಿಸುವ ಹೂ ಮಳೆ ಸರಿಯಾಗಿ ಬಂತಾ ಅನ್ನುವುದೂ ಬೇಕು, ಅಲ್ವಾ?

ಅದನ್ನು ಹೇಳುವುದು ಅಪ್‌ಸೈಡ್ ಕ್ಯಾಪ್ಚರ್. ಇಂಡೆಕ್ಸ್ ಏರಿದ ತಿಂಗಳುಗಳನ್ನು ಮಾತ್ರ ಆರಿಸಿಕೊಳ್ಳಬೇಕು. ಆ ತಿಂಗಳುಗಳಲ್ಲಿ ಫಂಡಿನ ಸರಾಸರಿ ರಿಟರ್ನನ್ನು ಇಂಡೆಕ್ಸಿನ ಸರಾಸರಿಯಿಂದ ಭಾಗಿಸಿ 100ರಿಂದ ಗುಣಿಸಬೇಕು. ಸರಾಸರಿ ಅಂದರೆ ಕೂಡಿ ಭಾಗಿಸುವುದಲ್ಲ, ಚಕ್ರಬಡ್ಡಿ ಲೆಕ್ಕದ ಸರಾಸರಿ. ಇಳಿದ ತಿಂಗಳುಗಳಿಗೆ ಇದೇ ಲೆಕ್ಕ ಮಾಡಿದರೆ ಡೌನ್‌ಸೈಡ್ ಕ್ಯಾಪ್ಚರ್. ಮೇಲಿನ ಮೊದಲ ಫಂಡಿಗೆ 80 ಮತ್ತು 100 ಬರುತ್ತದೆ, ಎರಡನೆಯದಕ್ಕೆ 100 ಮತ್ತು 80. ಈಗ ಎರಡೂ ಬೇರೆ ಬೇರೆ ಅಂತ ಕಣ್ಣಿಗೆ ಕಾಣುತ್ತದೆ.

ನಮ್ಮ ಫಂಡ್‌ಗಳಲ್ಲಿ ಇಂಡೆಕ್ಸ್ ಫಂಡ್ ಹೊಸದೇನೂ ಹೇಳಲಿಲ್ಲ. ಬೀಟಾ 1ರ ಹತ್ತಿರ, ಅಪ್‌ಸೈಡ್ 100ಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಫಂಡಿಗೆ ಖರ್ಚಿದೆ, ಇಂಡೆಕ್ಸಿಗೆ ಇಲ್ಲ, ಅಷ್ಟೇ. ಫ್ಲೆಕ್ಸಿಕ್ಯಾಪ್ ನೋಡಿ ಖುಷಿಯಾಯಿತು. ಬೀಟಾ 1ಕ್ಕಿಂತ ಕಡಿಮೆ ಇತ್ತು. ಅದನ್ನಷ್ಟೇ ನೋಡಿದವರು ಇದು ಏರುವಾಗ ಹಿಂದೆ ಉಳಿಯುತ್ತೆ ಅಂದುಕೊಳ್ಳುತ್ತಾರೆ. ಕ್ಯಾಪ್ಚರ್ ಹಾಕಿದರೆ ಏರುವ ತಿಂಗಳಲ್ಲಿ ಇಂಡೆಕ್ಸಿನ ಜೊತೆಜೊತೆಗೇ ಇತ್ತು, ಇಳಿಯುವಾಗ ಮಾತ್ರ ಕಡಿಮೆ ಇಳಿದಿತ್ತು.

ಬ್ಯಾಲೆನ್ಸ್‌ಡ್ ಅಡ್ವಾಂಟೇಜ್‌ನಲ್ಲಿ ಹುಷಾರಾಗಿರಬೇಕು. ಇಂಥ ತುಂಬಾ ಫಂಡ್‌ಗಳ ಬೆಂಚ್‌ಮಾರ್ಕ್, ಅಂದರೆ ಹೋಲಿಕೆಗೆ ಇಟ್ಟುಕೊಳ್ಳುವ ಇಂಡೆಕ್ಸ್, ನಿಫ್ಟಿ 50 ಹೈಬ್ರಿಡ್ ಕಾಂಪೋಸಿಟ್ ಡೆಟ್ 50:50 ಇಂಡೆಕ್ಸ್. ಅರ್ಧ ಷೇರು, ಅರ್ಧ ಸಾಲಪತ್ರ. ಅದರ ಪಕ್ಕ ನಿಲ್ಲಿಸಿದರೆ ಅಪ್‌ಸೈಡ್ ಚೆನ್ನಾಗಿ ಕಾಣುತ್ತದೆ, ನಿಫ್ಟಿ 50ರ ಪಕ್ಕ ನಿಲ್ಲಿಸಿದರೆ ತುಂಬಾ ಕಮ್ಮಿ. ಎರಡೂ ಸುಳ್ಳಲ್ಲ. ಯಾವುದರ ಜೊತೆ ಹೋಲಿಸಿದ್ದಾರೆ ಅಂತ ಕೇಳದೆ ಅಂಕಿ ನಂಬಬೇಡಿ. ಇನ್ನೊಂದು ವಿಷಯ. ಮಾರ್ಕೆಟ್ ದುಬಾರಿ ಅನ್ನಿಸಿದಾಗ ಈ ಫಂಡ್‌ಗಳು ಷೇರಿನ ಪಾಲು ಇಳಿಸುತ್ತವೆ. ಹಾಗಾಗಿ ಹಿಂದಿನ ಅಪ್‌ಸೈಡ್ ಮುಂದಿನ ಏರಿಕೆಯಲ್ಲೂ ಹಾಗೇ ಇರುತ್ತದೆ ಅಂತ ಇಲ್ಲಿ ಹೇಳಲಾಗದು.

ಲೆಕ್ಕ ಹಾಕುವವರು ಟಿಆರ್‌ಐ ಇಂಡೆಕ್ಸನ್ನೇ ಬಳಸಿ, ಅಂದರೆ ಡಿವಿಡೆಂಡ್ ಸೇರಿಸಿದ ಇಂಡೆಕ್ಸ್. ಫೆಬ್ರವರಿ 2018ರಿಂದ ಫಂಡ್‌ಗಳು ಟಿಆರ್‌ಐ ಜೊತೆಗೇ ಹೋಲಿಸಿಕೊಳ್ಳಬೇಕು ಅಂತ ಮಾರ್ಕೆಟ್ ನಿಯಂತ್ರಕ ಸೆಬಿ ನಿಯಮ ಮಾಡಿದೆ. ಟಿವಿಯಲ್ಲಿ ಓಡುವ ನಿಫ್ಟಿಯಲ್ಲಿ ಡಿವಿಡೆಂಡ್ ಇರುವುದಿಲ್ಲ, ಅದರ ಜೊತೆ ಹೋಲಿಸಿದರೆ ಸುಮ್ನೆ ನಮ್ಮ ಫಂಡ್ ದೊಡ್ಡದಾಗಿ ಕಾಣುತ್ತದೆ. ಫಂಡಿನದ್ದು ಗ್ರೋತ್ ಆಪ್ಷನ್ (ಲಾಭ ಹಂಚದೆ ಫಂಡಿನಲ್ಲೇ ಉಳಿಸುವುದು) ಎನ್‌ಎವಿ ಇರಲಿ. ಡಿವಿಡೆಂಡ್ ಕೊಡುವ ಆಪ್ಷನ್‌ನಲ್ಲಿ ಹಂಚಿದ ದಿನ ಎನ್‌ಎವಿ ಇಳಿಯುತ್ತದೆ, ಲೆಕ್ಕ ಕೆಡುತ್ತದೆ.

ಕ್ಯಾಪ್ಚರ್‌ನ ದೊಡ್ಡ ದೌರ್ಬಲ್ಯ ಅವಧಿ. ಅಕ್ಟೋಬರ್ 2024ರಿಂದ ಫೆಬ್ರವರಿ 2025ರ ತನಕ ನಿಫ್ಟಿ ಸತತ ಐದು ತಿಂಗಳು ಇಳಿಯಿತು, ಮಾರ್ಚ್‌ನಲ್ಲಿ ಸುಮಾರು 6 ಪರ್ಸೆಂಟ್ ಏರಿತು. ಆ ಆರು ತಿಂಗಳ ಅಪ್‌ಸೈಡ್ ಅಂದರೆ ಒಂದೇ ತಿಂಗಳ ಕಥೆ. ಮೂರು ವರ್ಷದ ಲೆಕ್ಕದಲ್ಲೂ ಇದು ತಪ್ಪಿದ್ದಲ್ಲ, ಬೀಟಾಗೂ ತಪ್ಪಿದ್ದಲ್ಲ. ಫೆಬ್ರವರಿ 2023ಕ್ಕೆ ಮುಗಿಯುವ 36 ತಿಂಗಳಲ್ಲಿ ಮಾರ್ಚ್ 2020ರ ಆ ಕುಸಿತ ಇದೆ. ಒಂದೇ ತಿಂಗಳು ಮುಂದೆ ಸರಿದರೆ ಅದು ಲೆಕ್ಕದಿಂದಲೇ ಹೊರಗೆ. ಫಂಡ್ ಅದೇ, ಮ್ಯಾನೇಜರ್ ಅದೇ, ಅಂಕಿ ಮಾತ್ರ ಬೇರೆ.

ಇಷ್ಟಿದ್ದರೂ ಮೂರು ಅಳತೆಗಳಲ್ಲಿ ನನ್ನ ಆಯ್ಕೆ ಕ್ಯಾಪ್ಚರ್, ಅದೂ ಅಪ್‌ಸೈಡ್ ಡೌನ್‌ಸೈಡ್ ಎರಡೂ ಜೊತೆಗೆ. ಅಪ್‌ಸೈಡ್ 110 ಅಂತ ಹಿಗ್ಗಿ, ಡೌನ್‌ಸೈಡ್ 120 ಇರುವುದನ್ನು ಬಿಡುವುದು ನನಗೆ ಒಪ್ಪಿಗೆ ಇಲ್ಲ. ಮೂರು ವರ್ಷದ ಲೆಕ್ಕದ ಪಕ್ಕದಲ್ಲೇ ಐದು ವರ್ಷದ್ದನ್ನೂ ಇಡುತ್ತೇನೆ. ಎರಡರಲ್ಲೂ ಅಪ್‌ಸೈಡ್ ಜಾಸ್ತಿ, ಡೌನ್‌ಸೈಡ್ ಕಮ್ಮಿ ಇದ್ದರೆ ಮಾತ್ರ ಆ ಫಂಡಿಗೆ ಹೊಸ ದುಡ್ಡು ಹಾಕುತ್ತೇನೆ.