ಲಿವರ್ ಆಕ್ಷನ್ ರೈಫಲ್ ಬಿಚ್ಚಿ ಒರೆಸಲು ಈ ಪೆಟ್ಟಿಗೆ ಸಾಕೇ?

ಮುಂಬೈಯ ಆಯುಧದಂಗಡಿಯೊಂದರಿಂದ ಪುಣೆಗೆ ತರಿಸಿಕೊಂಡ, ಮೂವತ್ತು ಕ್ಯಾಲಿಬರ್ (ನಳಿಕೆಯ ಒಳವ್ಯಾಸ ಸುಮಾರು 7.6 ಮಿಲಿಮೀಟರ್) ರೈಫಲ್‌ಗಳನ್ನು ಶುಚಿಗೊಳಿಸುವ ಪೆಟ್ಟಿಗೆಯನ್ನು ಕುರಿತ ವಿಮರ್ಶೆಯಿದು. ಸಾವಿರದ ಒಂಬೈನೂರು ರೂಪಾಯಿಯ ಈ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮೂರು ತುಂಡುಗಳನ್ನು ತಿರುಗಿಸಿ ಜೋಡಿಸುವ ಹಿತ್ತಾಳೆಯ ಸಲಾಕೆ, ಕಂಚಿನ ಕುಂಚ, ಹತ್ತಿಯ ಕುಂಚ, ಬಟ್ಟೆಯ ತುಂಡನ್ನು ಹಿಡಿದು ನೂಕುವ ಹಿತ್ತಾಳೆಯ ಮೊನೆ, ಒಂದು ಸಣ್ಣ ಸೀಸೆ ದ್ರಾವಕ, ಇನ್ನೊಂದು ಸೀಸೆ ಎಣ್ಣೆ ಮತ್ತು ಒಂದು ಸ್ಕ್ರೂಡ್ರೈವರ್ ಇವೆ. ಬದಿಯ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ತುಂಬುವ ಬೋಲ್ಟ್ ಆಕ್ಷನ್ ರೈಫಲ್ ಇರುವವರಿಗೆ ಇದು ತಕ್ಕಮಟ್ಟಿಗೆ ಒಳ್ಳೆಯ ಖರೀದಿ. ಕುದುರೆಯ (ಟ್ರಿಗರ್) ಸುತ್ತಲಿನ ಸನ್ನೆಯನ್ನು ಕೆಳಕ್ಕೆ ಮೇಲಕ್ಕೆ ಆಡಿಸಿ ತೋಟಾ ತುಂಬುವ ಲಿವರ್ ಆಕ್ಷನ್ ಇರುವವರು ಮಾತ್ರ ಕೊಳ್ಳುವ ಮುನ್ನ ಸ್ವಲ್ಪ ಯೋಚಿಸಬೇಕು. ಈ ಪೆಟ್ಟಿಗೆಯನ್ನು ಜೋಡಿಸಿದವರ ಮನಸ್ಸಿನಲ್ಲಿ ಅಂಥ ರೈಫಲ್ ಇದ್ದಂತೆ ಕಾಣುವುದಿಲ್ಲ.

ನಾನು ಇದನ್ನು ಬಳಸಿದ್ದು, ತಂದೆಯವರ ನಂತರ ವಾರಸುದಾರನಾಗಿ ಪರವಾನಗಿ ಪಡೆದು ನನ್ನ ಹೆಸರಿಗೆ ಮಾಡಿಸಿಕೊಂಡ ಮಾರ್ಲಿನ್ 336 ರೈಫಲ್‌ಗೆ. 1948ರಲ್ಲಿ ಮಾರುಕಟ್ಟೆಗೆ ಬಂದ ಈ ಮಾದರಿ .30-30 ತೋಟಾವನ್ನು ಹಾರಿಸುತ್ತದೆ. ನಳಿಕೆಯ ಹಿಂದೆ ಚಲಿಸುವ ಭಾಗಗಳನ್ನು ಒಳಗೊಂಡ ರಿಸೀವರ್‌ನ ಮೇಲ್ಭಾಗ ಮುಚ್ಚಿದ್ದು, ಖಾಲಿ ತೋಟಾ ಬಲಬದಿಗೆ ಚಿಮ್ಮುತ್ತದೆ. ಬೋಲ್ಟ್ ಆಕ್ಷನ್ ಆದರೆ ನಳಿಕೆಯ ಹಿಂಬದಿಯನ್ನು ಮುಚ್ಚುವ ಬೋಲ್ಟನ್ನು ಹಿಂದಕ್ಕೆ ಎಳೆದು ತೆಗೆದ ಕೂಡಲೇ ನಳಿಕೆಯ ಹಿಂಬದಿ ತೆರೆದುಕೊಳ್ಳುತ್ತದೆ. ಲಿವರ್ ಆಕ್ಷನ್‌ನಲ್ಲಿ ಹಾಗಲ್ಲ. ಬಿಚ್ಚದೆ ಒರೆಸಬೇಕೆಂದರೆ ಸಲಾಕೆಯನ್ನು ಕೋವಿಯ ಬಾಯಿಂದಲೇ ತೂರಿಸಬೇಕಾಗುತ್ತದೆ. ಗುಂಡು ನಳಿಕೆಯನ್ನು ಕೊನೆಯದಾಗಿ ಸೋಕುವ ಆ ಅಂಚು ಒಂದು ಬದಿಗೆ ಸವೆದರೆ ಗುರಿ ಕೆಡುತ್ತದೆ. ಸಲಾಕೆಯನ್ನು ಬಾಯಿಯ ನಡುವೆ ಹಿಡಿದಿಡುವ ಶಂಕುವಿನಾಕಾರದ ರಕ್ಷಕವೊಂದು ಇಂಥ ಪೆಟ್ಟಿಗೆಯಲ್ಲಿ ಇರಲೇಬೇಕಿತ್ತು. ಇಲ್ಲಿ ಅದು ಇಲ್ಲ. ಸಲಾಕೆಯ ತುಂಡುಗಳು ಸೇರುವ ಕಡೆ ಬೆರಳಿಗೆ ತಾಗುವಷ್ಟು ಅಂಚು ಎದ್ದಿರುವುದರಿಂದ ಈ ಕೊರತೆ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ.

ಅದೃಷ್ಟಕ್ಕೆ ಮಾರ್ಲಿನ್ 336ರಲ್ಲಿ ಒಂದೇ ಒಂದು ತಿರುಪನ್ನು ಬಿಚ್ಚಿದರೆ ನಳಿಕೆಯನ್ನು ಹಿಂಬದಿಯಿಂದ ಒರೆಸಬಹುದು. ಮೊದಲು ಕೋವಿಯನ್ನು ಖಾಲಿ ಮಾಡಬೇಕು. ನಳಿಕೆಯ ಕೆಳಗಿನ ಕೊಳವೆಯಾಕಾರದ ಮ್ಯಾಗಜಿನ್‌ನಲ್ಲಿ ಒಂದು ತೋಟಾ ಉಳಿದುಬಿಡುವ ಸಂಭವವಿರುವುದರಿಂದ, ಲಿವರನ್ನು ಹಲವು ಬಾರಿ ಆಡಿಸಿ, ತೋಟಾ ಕೂರುವ ಗೂಡನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಬೇಕು. ಅನಂತರ ಲಿವರನ್ನು ಅರ್ಧ ತೆರೆದು, ಅದು ತಿರುಗುವ ತಿರುಪನ್ನು ಬಿಚ್ಚಿದರೆ ಲಿವರ್ ಕೆಳಕ್ಕೆ ಬರುತ್ತದೆ, ಬೋಲ್ಟ್ ಹಿಂದಕ್ಕೆ ಜಾರುತ್ತದೆ. ಇಷ್ಟಾದ ಮೇಲೆ ಖಾಲಿ ತೋಟಾವನ್ನು ಹೊರಕ್ಕೆ ಚಿಮ್ಮಿಸುವ ಎಜೆಕ್ಟರ್ ಎಂಬ ಚಿಕ್ಕ ಭಾಗಕ್ಕೆ ಹಿಡಿತವೇ ಇರುವುದಿಲ್ಲ. ಕೋವಿಯನ್ನು ಓರೆ ಮಾಡಿದರೆ ಅದು ಉದುರಿಬಿಡಬಹುದಾದ್ದರಿಂದ ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳುವುದು ಒಳ್ಳೆಯದು.

ಪೆಟ್ಟಿಗೆಯ ಅತ್ಯಂತ ಕಳಪೆ ವಸ್ತುವೆಂದರೆ ಅದರ ಸ್ಕ್ರೂಡ್ರೈವರ್. ಅದರ ತುದಿ ಬೆಣೆಯಂತೆ ತುದಿಗೆ ಹೋಗುತ್ತಾ ತೆಳುವಾಗುತ್ತದೆ. ಕೋವಿಯ ತಿರುಪಿನ ಸೀಳು ಕಿರಿದಾಗಿ, ಗೋಡೆಗಳು ನೇರವಾಗಿ ಇರುವುದರಿಂದ ಇಂಥ ತುದಿ ಮೇಲಂಚನ್ನಷ್ಟೇ ಹಿಡಿಯುತ್ತದೆ. ಬಲ ಹಾಕಿದರೆ ಮೇಲಕ್ಕೆದ್ದು ಅಂಚನ್ನು ಕಿತ್ತುಹಾಕುತ್ತದೆ. ಬಳಸಿದ ಕೋವಿಯನ್ನು ಕೊಳ್ಳುವವರು ಮೊದಲು ನೋಡುವುದೇ ತಿರುಪುಗಳ ತಲೆಯನ್ನು. ಆದ್ದರಿಂದ ಅದನ್ನು ಮುಟ್ಟದೆ, ಪುಣೆಯ ರವಿವಾರ ಪೇಠೆಯ ಬೋಹ್ರಿ ಆಳಿ ಎಂಬ ಗಲ್ಲಿಯಲ್ಲಿ ಒಂದು ಗಟ್ಟಿ ಸ್ಕ್ರೂಡ್ರೈವರ್ ಕೊಂಡು, ಅದರ ತುದಿಯ ಎರಡೂ ಬದಿ ಸಮಾಂತರವಾಗುವಂತೆ ಸಾಣೆ ಹಿಡಿಸಿದೆ. ಸೀಳಿನ ಉದ್ದಕ್ಕೂ ಆಳಕ್ಕೂ ಸರಿಯಾಗಿ ಕೂತ ಆ ತುದಿಗೆ, ಎಷ್ಟೋ ವರ್ಷ ಯಾರೂ ಬಿಚ್ಚಿರದ ತಿರುಪು ಒಂದೇ ಒತ್ತಿಗೆ ಸಡಿಲಗೊಂಡಿತು.

ನಳಿಕೆಯ ಕೆಲಸದಲ್ಲಿ ಪೆಟ್ಟಿಗೆ ತನ್ನ ಬೆಲೆಯನ್ನು ಬಹುಮಟ್ಟಿಗೆ ತೀರಿಸಿತು. ಇಪ್ಪತ್ತು ಇಂಚಿನ ನಳಿಕೆಯನ್ನೂ ರಿಸೀವರನ್ನೂ ದಾಟಿ ಹಿಡಿ ಹೊರಗುಳಿಯುವಷ್ಟು ಸಲಾಕೆ ಉದ್ದವಾಗಿದೆ. ಹಿಡಿ ತಾನಾಗಿ ತಿರುಗುವುದರಿಂದ ಕುಂಚವು ನಳಿಕೆಯೊಳಗಿನ ಸುರುಳಿ ಗೀರುಗಳನ್ನು ಅನುಸರಿಸಿಯೇ ಸಾಗುತ್ತದೆ. ಕಂಚಿನ ಕುಂಚದ ಎಳೆಗಳು ಉದುರಲಿಲ್ಲ. ಜೊತೆಗೆ ಕೊಟ್ಟ ಬಟ್ಟೆಯ ತುಂಡುಗಳು ಬೇಗ ಮುಗಿದುಹೋದವು, ಆದರೆ ಅದು ದೂರಬೇಕಾದ ಸಂಗತಿಯಲ್ಲ. ಒಗೆದೊಗೆದು ಮೆತ್ತಗಾದ ಹಳೆಯ ಪಂಚೆಯನ್ನು ಚೌಕಾಕಾರವಾಗಿ ಕತ್ತರಿಸಿಕೊಂಡರೆ ಅದಕ್ಕಿಂತ ಚೆನ್ನಾಗಿ ಹೀರುತ್ತದೆ.

ದ್ರಾವಕದ ವಿಷಯವನ್ನು ತುಸು ವಿವರಿಸಬೇಕು. ಮೂಗಿಗೆ ಅಡರುವ ಅಮೋನಿಯಾ ವಾಸನೆಯೇ ಅದು ತಾಮ್ರವನ್ನು ಕರಗಿಸುವ ಬಗೆಯದೆಂದು ಹೇಳುತ್ತದೆ. ತಾಮ್ರದ ಹೊದಿಕೆಯ ಗುಂಡುಗಳು ನಳಿಕೆಯಲ್ಲಿ ಬಿಟ್ಟುಹೋಗುವ ತೆಳು ಲೇಪವನ್ನು ಕರಗಿಸಿದಾಗ ಬಟ್ಟೆಗೆ ನೀಲಿ ಬಣ್ಣ ಹತ್ತುತ್ತದೆ, ಮತ್ತು ಬಣ್ಣ ನಿಲ್ಲುವವರೆಗೆ ಒರೆಸಿ ಎಂದು ಪೆಟ್ಟಿಗೆಯ ಸೂಚನಾಪತ್ರ ಹೇಳುತ್ತದೆ. ಆದರೆ ಬಟ್ಟೆಯನ್ನು ನೂಕುವ ಮೊನೆಯೂ ಹಿತ್ತಾಳೆಯದು, ಕುಂಚವೂ ಕಂಚಿನದು; ಎರಡರಲ್ಲಿಯೂ ತಾಮ್ರವೇ ಹೆಚ್ಚು. ದ್ರಾವಕವು ಅವನ್ನೂ ಕರಗಿಸಿ ಬಟ್ಟೆಯನ್ನು ನೀಲಿಗೊಳಿಸುವುದರಿಂದ, ನಳಿಕೆ ಶುಚಿಯಾದ ಮೇಲೂ ಬಣ್ಣ ನಿಲ್ಲುವುದೇ ಇಲ್ಲ. ಸೂಚನಾಪತ್ರವನ್ನು ಅಕ್ಷರಶಃ ಪಾಲಿಸುವವರು ಇರುಳೆಲ್ಲ ಒರೆಸುತ್ತಲೇ ಇರಬೇಕಾದೀತು! ಈ ದ್ರಾವಕದ ಜೊತೆ ನೈಲಾನ್ ಕುಂಚವನ್ನೂ ನಿಕ್ಕಲ್ ಲೇಪದ ಮೊನೆಯನ್ನೂ ಕೊಟ್ಟಿದ್ದರೆ ಗೊಂದಲವೇ ಇರುತ್ತಿರಲಿಲ್ಲ. ಕಿಟಕಿ ತೆರೆದಿಟ್ಟು ಕೆಲಸ ಮಾಡಬೇಕು, ದ್ರಾವಕವನ್ನು ನಳಿಕೆಯಲ್ಲಿ ಹೆಚ್ಚು ಹೊತ್ತು ಬಿಡದೆ ಒಣಬಟ್ಟೆಯಿಂದ ಪೂರ್ತಿ ಒರೆಸಿ ತೆಗೆಯಬೇಕು.

ಜೋಡಿಸುವಾಗ ಎಜೆಕ್ಟರ್‌ನ ಪುಟ್ಟ ಮೊಳೆಯನ್ನು ರಿಸೀವರ್‌ನ ಎಡಗೋಡೆಯ ರಂಧ್ರದಲ್ಲಿ ಕೂರಿಸಿ, ಬೋಲ್ಟನ್ನು ಒಳಕ್ಕೆ ನೂಕಿ, ಲಿವರ್‌ನ ತುದಿ ಬೋಲ್ಟ್‌ನ ತಳದ ಸೀಳಿನೊಳಗೆ ಸೇರಿತೆಂದು ಖಚಿತಪಡಿಸಿಕೊಂಡ ಮೇಲೆಯೇ ತಿರುಪನ್ನು ಬಿಗಿಯಬೇಕು. ಎಲ್ಲಿಯೂ ಬಲ ಬೇಕಾಗುವುದಿಲ್ಲ. ಬೇಕಾಯಿತೆಂದರೆ ಎಜೆಕ್ಟರ್ ಜಾಗ ತಪ್ಪಿದೆಯೆಂದೇ ಅರ್ಥ. ಇದಕ್ಕಿಂತ ಒಳಗಿನ ಭಾಗಗಳನ್ನು ಹವ್ಯಾಸಿಗಳು ಬಿಚ್ಚುವ ಅಗತ್ಯ ನನಗೆ ಕಾಣುವುದಿಲ್ಲ.

ಪೆಟ್ಟಿಗೆಯ ಎಣ್ಣೆ ತೀರ ನೀರಾಗಿದ್ದು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆಗಾಲಕ್ಕೆ ತಡೆಯುವಂತೆ ತೋರಲಿಲ್ಲ. ಅದರ ಬದಲು ಜರ್ಮನಿಯಲ್ಲಿ 1904ರಲ್ಲಿ ಸೈನ್ಯಕ್ಕೆಂದು ಸಿದ್ಧಪಡಿಸಿದ ಬ್ಯಾಲಿಸ್ಟಾಲ್ ಎಣ್ಣೆಯನ್ನು ಬಳಸುತ್ತಿದ್ದೇನೆ. ಮರದ ಹಿಡಿಗೂ ಅದರಿಂದ ಕೆಡುಕಿಲ್ಲ. ಚರ್ಮದ ಚೀಲ ತೇವವನ್ನು ಹಿಡಿದಿಡುವುದರಿಂದ ರೈಫಲನ್ನು ಅದರಲ್ಲಿ ಇಡಬಾರದು. ಮುಂದಿನ ಬಾರಿ ಹಾರಿಸುವ ಮುನ್ನ ನಳಿಕೆಯ ಎಣ್ಣೆಯನ್ನು ಒಣಬಟ್ಟೆಯಿಂದ ತೆಗೆಯಬೇಕು.

ನಮ್ಮ ಕಟ್ಟಡದಲ್ಲೇ ಇರುವ, ವಿರಾಜಪೇಟೆಯ ಕಡೆಯ ನಿವೃತ್ತ ಸೈನಿಕರೊಬ್ಬರು ಕೊಡವರು ಆಯುಧಗಳನ್ನು ಪೂಜಿಸುವ ಕೈಲ್ ಪೊಳ್ದ್ ಹಬ್ಬಕ್ಕೆ ಮೊದಲು ತಮ್ಮ ಕೋವಿಗೂ ಈ ಪೆಟ್ಟಿಗೆಯನ್ನೇ ಬಳಸಿ ನೋಡಿದರು. "ಕುಂಚ ಒಳಗೆ ಆಟ ಆಡ್ತಾ ಇದೆಯಲ್ಲ ಸಾರ್, ಇದು ನಮ್ಮ ಕೋವಿಗಲ್ಲ" ಎಂದು ಕೂಡಲೇ ಹಿಂತಿರುಗಿಸಿದರು. ಅವರದು ಭಾರತದಲ್ಲಿ ಹೆಚ್ಚಾಗಿ ಕಾಣುವ .315 ರೈಫಲ್, ಅದರ ನಳಿಕೆ ಎಂಟು ಮಿಲಿಮೀಟರಿನದು, ಮೂವತ್ತು ಕ್ಯಾಲಿಬರ್ ಕುಂಚ ಅದರಲ್ಲಿ ಸಡಿಲವಾಗಿ ಸುಮ್ಮನೆ ಸವರಿ ಬರುತ್ತದೆ. ಅಂಗಡಿಯವರು ಕೇಳದೆ ಇದ್ದರೂ, ಬೇಡಿಕೆ ಸಲ್ಲಿಸುವಾಗ ನಳಿಕೆಯ ಅಳತೆಯನ್ನು ಹೇಳಿ ಎಂಟು ಮಿಲಿಮೀಟರ್ ಕುಂಚವನ್ನು ಬದಲಾಯಿಸಿ ಕೊಡುವಂತೆ ಕೇಳಬಹುದು. ವಿಚಾರಿಸಿದಾಗ, ಅದಕ್ಕೆ ಹೆಚ್ಚಿನ ಹಣವಿಲ್ಲವೆಂದು ಅವರು ಫೋನಿನಲ್ಲಿ ತಿಳಿಸಿದ್ದಾರೆ.