ವಾಷಿಂಗ್ ಸೋಡಾ: ಎರಡೂವರೆ ವರ್ಷ ಡಬ್ಬಗಳ ಜಿಡ್ಡು ತೆಗೆದ ಮೇಲೆ

ನಮ್ಮದು ದಾವಣಗೆರೆ ಮನೆ. ಸಂಜೆ ಮಂಡಕ್ಕಿ ಕಲಸಿದರೆ ಪಕ್ಕಕ್ಕೆ ಮಿರ್ಚಿ ಇರಲೇಬೇಕು. ಆ ಎಣ್ಣೆ ಹೊಗೆಯೆಲ್ಲ ಹೋಗಿ ಒಲೆ ಮೇಲಿನ ಶೆಲ್ಫಿನ ಡಬ್ಬಗಳ ಮೇಲೆ ಕೂರುತ್ತದೆ. ಮೇಲೊಂದಿಷ್ಟು ಧೂಳು. ಮುಟ್ಟಿದರೆ ಬೆರಳು ಅಂಟುತ್ತದೆ. ಪಾತ್ರೆ ಸೋಪು, ನಿಂಬೆಹಣ್ಣು, ಅಡುಗೆ ಸೋಡಾ ಎಲ್ಲ ಆಯಿತು. ಕೊನೆಗೆ ಕಿರಾಣಿ ಅಂಗಡಿಯಿಂದ ಒಂದು ಕೆಜಿ ವಾಷಿಂಗ್ ಸೋಡಾ ತಂದೆ. ಈಗ ಅದಿಲ್ಲದೆ ನನಗೆ ಆಗುವುದಿಲ್ಲ. ಆದರೆ ಅದರಿಂದ ಮೂರು ಸಾಮಾನು ಹಾಳು ಮಾಡಿಕೊಂಡಿದ್ದೂ ನಿಜ.

ಹಳೇ ಜಿಡ್ಡು ಬರೀ ಎಣ್ಣೆಯಲ್ಲ. ಬಿಸಿಗೆ, ಗಾಳಿಗೆ ಸಿಕ್ಕಿ ವಾರ್ನಿಷ್ ತರಹ ಗಟ್ಟಿಯಾಗಿರುತ್ತದೆ. ಅದಕ್ಕೇ ಪಾತ್ರೆ ಸೋಪು ಸುಮ್ನೆ ಜಾರಿ ಹೋಗುತ್ತದೆ. ಅಡುಗೆ ಸೋಡಾ ನೀರಿನ ಪಿಎಚ್, ಅಂದರೆ ಕ್ಷಾರ ಎಷ್ಟಿದೆ ಅನ್ನುವ ಅಳತೆ, ಸುಮಾರು 8, ವಾಷಿಂಗ್ ಸೋಡಾದ್ದು ಸುಮಾರು 11. ಇದು ಜಿಡ್ಡಿನ ಒಂದು ಪಾಲನ್ನು ಸೋಪನ್ನಾಗಿಯೇ ಮಾಡಿಬಿಡುತ್ತದೆ. ಅಜ್ಜಿ ಒಲೆ ಬೂದಿ ಹಾಕಿ ಪಾತ್ರೆ ಬೆಳಗುತ್ತಿದ್ದರಲ್ಲ, ಬೂದಿಯಲ್ಲಿ ಇರುವುದೂ ಇದರ ದಾಯಾದಿಯೇ.

ನಾನು ಮಾಡುವುದು ಇಷ್ಟು. ಕೈ ತಾಳುವಷ್ಟು ಬಿಸಿ ನೀರು, ಲೀಟರಿಗೆ ಎರಡು ಚಮಚ ಸೋಡಾ. ಡಬ್ಬ, ಮುಚ್ಚಳ ಅರ್ಧ ಗಂಟೆ ನೆನೆಯಬೇಕು. ಸಂದಿಗೆ ಹಳೇ ಟೂತ್‌ಬ್ರಷ್. ಆಮೇಲೆ ಪಾತ್ರೆ ಸೋಪಿನಲ್ಲಿ ತೊಳೆದು, ನೀರಲ್ಲಿ ಎರಡು ಸಲ ಜಾಲಿಸಿ, ನೆರಳಲ್ಲಿ ಒಣಗಿಸುತ್ತೇನೆ. ಎಣ್ಣೆ ಕ್ಯಾನಿನ ಹಿಡಿ, ಹಿಟ್ಟಿನ ಜರಡಿಯ ಅಂಚು, ಉಪ್ಪಿನಕಾಯಿ ಡಬ್ಬದ ತಿರುಪು ಎಲ್ಲ ಬಿಟ್ಟುಕೊಳ್ಳುತ್ತವೆ. ಗ್ಲೌಸ್ ಮಾತ್ರ ಬೇಕೇ ಬೇಕು. ಮೊದಲ ಸಲ ಹಾಗೇ ಕೈ ಹಾಕಿ, ಎರಡು ದಿನ ಬೆರಳ ತುದಿ ಸುಲಿದಿತ್ತು.

ಕೆಂಪು ನೀರು ನೋಡಿ ಗಾಬರಿಯಾಗಬೇಡಿ. ಅರಿಶಿನದ ಡಬ್ಬ ಅದ್ದಿದ ದಿನ ಬಕೆಟ್ ನೀರು ಆರತಿ ನೀರಿನ ಹಾಗೆ ಕೆಂಪಾಯಿತು. ಆರತಿಗೆ ಅರಿಶಿನಕ್ಕೆ ಸುಣ್ಣ ಹಾಕುತ್ತೇವಲ್ಲ, ಅದೇ ಆಟ. ಆದರೆ ಪ್ಲಾಸ್ಟಿಕ್ ಒಳಗೆ ಇಳಿದ ಹಳದಿ ಕಲೆಯನ್ನು ಸೋಡಾ ತೆಗೆಯುವುದಿಲ್ಲ. ಅದಕ್ಕೆ ಬಿಸಿಲೇ ಮದ್ದು. ನಾಲ್ಕೈದು ದಿನ ತಾರಸಿಯಲ್ಲಿಟ್ಟರೆ ಬಣ್ಣ ಇಳಿಯುತ್ತದೆ. ಉಪ್ಪಿನಕಾಯಿ ವಾಸನೆ? ಅದು ಹೋಗಲೇ ಇಲ್ಲ. ಆ ಡಬ್ಬದಲ್ಲಿ ಈಗ ಹುಣಸೆಹಣ್ಣು ಇದೆ.

ಇನ್ನು ಹಾಳಾದವು. ಬೇಳೆಯ ತೆಳು ಜಾರ್‌ಗೆ ಕುದಿಯುವ ನೀರು ಸುರಿದೆ, ಸೊಟ್ಟಗಾಯಿತು. ತಳದ ತ್ರಿಕೋನದಲ್ಲಿ 1 ಅಂತ ಇತ್ತು, ಅಂದರೆ ಪೆಟ್ ಅನ್ನುವ ಪ್ಲಾಸ್ಟಿಕ್. ಅದು ಸುಮಾರು 70 ಡಿಗ್ರಿಗೇ ಮೆತ್ತಗಾಗುತ್ತದೆ. 5 ಅಂತ ಇರುವ ಡಬ್ಬ ಬಿಸಿ ತಾಳುತ್ತದೆ. ಎರಡನೆಯದು ಮಿಕ್ಸಿ ಜಾರಿನ ಪಾರದರ್ಶಕ ಮುಚ್ಚಳ. ಪ್ರತಿ ತಿಂಗಳು ನೆನೆಹಾಕಿ ನೆನೆಹಾಕಿ ಕೂದಲೆಳೆಯಂಥ ಬಿರುಕು ಬಿಟ್ಟಿತು. ಅದು ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್, ಬಿಸಿ ಸೋಡಾ ಅದಕ್ಕೆ ಆಗಿಬರುವುದಿಲ್ಲ. ಮೂರನೆಯದಕ್ಕೆ ಅತ್ತೆಯಿಂದ ಬೈಸಿಕೊಂಡೆ. ಅವರ ಅಲ್ಯೂಮಿನಿಯಂ ತಟ್ಟೆಯನ್ನೂ ಅದೇ ಬಕೆಟ್ಟಿಗೆ ಹಾಕಿದ್ದೆ, ಕಪ್ಪಾಗಿ ಎದ್ದಿತು. ಸ್ಟೀಲಿಗೆ ಏನೂ ಆಗುವುದಿಲ್ಲ.

ಬಟ್ಟೆ ಒಗೆಯುವ ಪುಡಿಯಲ್ಲೂ ಇದೇ ಸೋಡಾ ಇರುತ್ತದಲ್ವಾ ಅಂತ ತಂಗಿ ಕೇಳಿದಳು. ಸಾಮಾನ್ಯವಾಗಿ ಇರುತ್ತದೆ. ಆದರೆ ಅದರ ಸೆಂಟು ಡಬ್ಬಕ್ಕೆ ಹಿಡಿದರೆ ಸಾರಿನ ಪುಡಿಯೂ ಅದೇ ವಾಸನೆ ಹೊಡೆಯುತ್ತದೆ. ಉಕ್ಕಿನ ನಾರಂತೂ ಬೇಡವೇ ಬೇಡ. ಅದು ಮಾಡಿದ ಗೀರುಗಳಲ್ಲೇ ಮುಂದಿನ ಜಿಡ್ಡು ಮನೆ ಮಾಡುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಪ್ಯಾಕೆಟ್ಟಿಗೆ. ಒಮ್ಮೆ ಕತ್ತರಿಸಿದರೆ ಮುಚ್ಚಲು ಬರುವುದಿಲ್ಲ, ಮಳೆಗಾಲದಲ್ಲಿ ಒಳಗೆಲ್ಲ ಕಲ್ಲು. ನಾನು ಅದನ್ನು ಸುರಿದಿಟ್ಟಿರುವುದು ಆ ಸೊಟ್ಟ ಜಾರಿನಲ್ಲೇ. ಅಡುಗೆ ಸೋಡಾ ಅಂತ ಯಾರೂ ಬೋಂಡಾ ಹಿಟ್ಟಿಗೆ ಹಾಕದಿರಲಿ ಅಂತ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದು, ಬಚ್ಚಲಲ್ಲಿ ಎತ್ತಿಟ್ಟಿದ್ದೇನೆ.